ಎರೆಮಣ್ಣಿನ ದಾರಿ

"ಹಗ್ಗ ಬಣ್ಣಕ್ಕ ತಾಗಬಾರ್ದು, ನಡುವ ಕಂಬಳಿ ಇಡ್ರಿ!" ಎಂದು ಹಂಪಯ್ಯ ಕೂಗಿದಾಗ ಸಾವಂತ್ರಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

ಕಾರಿನ ಹಿಂದಿನ ಸೀಟಿನಲ್ಲಿ ಅವಳ ಗಂಡ ಚಿದಾನಂದಪ್ಪನ ಹೆಣವನ್ನು ಕಾಲು ಮಡಚಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ. ಅವರ ಜನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಒಯ್ದು ಕೂರಿಸಿಯೇ ಮಣ್ಣು ಮಾಡುತ್ತಾರೆ. ಮೇಲಿನ ಕ್ಯಾನ್ವಾಸು ಮಡಚಿದ ಆ ಹಳೆಯ ಹಸಿರು ಮಾರಿಸ್ ಕಾರಿನಲ್ಲಿ ಅವನು ಭಾನುವಾರದ ಸವಾರಿಗೆ ಹೊರಟವನ ಹಾಗೆಯೇ ಕಾಣುತ್ತಿದ್ದ. ದಾರಿಯಲ್ಲಿ ವಾಲದಿರಲಿ ಎಂದು ಬೆನ್ನಿಗೆ ಹಲಗೆ ಕೊಟ್ಟು ಹಗ್ಗ ಬಿಗಿಯುತ್ತಿದ್ದರು.

"ಹೆಣಾ ಕಟ್ಟಾಕ ಬಂದೀರೋ, ಕಾರು ಕಾಯಾಕ ಬಂದೀರೋ?" ಎಂದಳು ಸಾವಂತ್ರಮ್ಮ.

ಹಂಪಯ್ಯ ತಲೆ ತಗ್ಗಿಸಿದ. ಅವನು ರೈಲ್ವೆಯ ಪಿಂಚಣಿದಾರ, ಅವನದೂ ಒಂದು ಹಳೆಯ ಕಾರು. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಇಂಥ ನಾಲ್ಕಾರು ಮುದುಕರಿದ್ದರು. ಬಿಳಿ ದೊರೆಗಳು ಊರು ಬಿಡುವಾಗ ಮಾರಿ ಹೋದ ಕಾರುಗಳನ್ನು ಕೊಂಡು, ವಾರವೆಲ್ಲ ಉಜ್ಜಿ, ಭಾನುವಾರ ಸಾಲಾಗಿ ಕುರುಗೋಡಿಗೆ ಹೋಗಿ, ಬೆಟ್ಟದ ಬುಡದಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದು ಬರುವುದೇ ಅವರ ಕಸುಬು.

"ಎಂಥಾ ಪುಣ್ಯವಂತ್ರು ನೋಡ್ರಿ, ತಮ್ಮ ಕಾರಿನಾಗ ತಾವ ಹೊಂಟಾರ," ಎಂದು ಪಕ್ಕದ ಮನೆಯ ವಿರೂಪಮ್ಮ ಕಣ್ಣೊರೆಸಿಕೊಂಡಳು. "ನೀ ಒಂದ್ಸಲ ಅತ್ತುಬಿಡವ್ವ. ಎದಿ ಹಗುರ ಆಗ್ತೈತಿ."

"ನನ್ನ ಎದಿ ಹಗುರ ಆಗೋದು ನಂಗ ಬೇಕಿಲ್ಲ."

ಬೆಳಿಗ್ಗೆಯಿಂದ ಬಂದವರೆಲ್ಲ ಕಾರನ್ನೇ ಹೊಗಳಿದ್ದರು. ಚಿದಾನಂದಪ್ಪ ಅದನ್ನು ಹೇಗೆ ಇಟ್ಟಿದ್ದ, ಹೇಗೆ ನೋಡಿಕೊಂಡ, ಒಂದು ಗೀರು ಬೀಳಗೊಡಲಿಲ್ಲ. ಕೇಳಿ ಕೇಳಿ ಅವಳ ಕಿವಿ ಕಾದಿತ್ತು.

ಅವಳ ತಮ್ಮ ಮರಿಬಸಪ್ಪ ಹಚ್ಚೊಳ್ಳಿಯಿಂದ ಲಾರಿ ಮಾಡಿಕೊಂಡು ಬಂದಿದ್ದ. ಚಿದಾನಂದಪ್ಪನ ಹೊಲ ಇರುವುದು ಸಿರುಗುಪ್ಪದ ಆಚೆ ಆ ಹಚ್ಚೊಳ್ಳಿಯಲ್ಲೇ, ಗುಣಿ ತೋಡಿದ್ದೂ ಅಲ್ಲೇ. ಹೆಣವನ್ನು ಲಾರಿಯಲ್ಲಿ ಒಯ್ಯೋಣ ಎಂದು ಅವನು ಹೇಳಿದ್ದಕ್ಕೆ ಕಾರಿನ ಮುದುಕರೆಲ್ಲ ಮೇಲೆ ಬಿದ್ದಿದ್ದರು. ಕಾರಿನಲ್ಲೇ ಹೋಗಲಿ ಎಂದು ಆ ಜಗಳ ಮುಗಿಸಿದವಳು ಸಾವಂತ್ರಮ್ಮ. ಎರಡು ವರ್ಷದಿಂದ ಆ ಕಾರಿನ ಕಡೆ ತಿರುಗಿಯೂ ನೋಡದವಳು ಹಾಗೆಂದಾಗ ಎಲ್ಲರಿಗೂ ಆಶ್ಚರ್ಯವಾಗಿತ್ತು.

ಹಗ್ಗ ಕಟ್ಟಿ ಮುಗಿದ ಮೇಲೆ ಹಂಪಯ್ಯ ಮೆಲ್ಲಗೆ ಹೇಳಿದ, "ಒಂದು ಮಾತು ಕೇಳ್ರಿ ಸಾವಂತ್ರಮ್ಮಾರ. ದೊಡ್ಡ ರಸ್ತಾ ಇರೋ ತನಕ ಕಾರು, ಅಲ್ಲಿಂದ ಹೊಲಕ್ಕ ಹೆಗಲ ಮ್ಯಾಲ. ರಾತ್ರಿ ಮಳಿ ಬಂದೈತಿ. ಎರಿ ಭೂಮಿ, ಇಳಿದ್ರ ಗಾಲಿ ಹೂತು ಹೋಗ್ತಾವ."

"ಕಾರು ಗುಣೀ ತನಕ ಹೋಗಬೇಕು."

"ಹೆಂಗ ಹೋಗ್ತೈತ್ರಿ?"

"ಹೆಂಗರ ಹೋಗ್ಲಿ. ಈಗ ಕಾರು ಯಾರ್ದು?"

"ನಿಮ್ದ."

"ಮತ್ತ ನಾ ಹೇಳಿದಂಗ ಕೇಳ್ರಿ. ಆಗಂಗಿಲ್ಲ ಅಂದ್ರ ಈಗ ಇಳಿಸ್ರಿ. ಹೆಣಾ ಈ ಅಂಗಳ ಬಿಟ್ಟು ಕದಲಂಗಿಲ್ಲ."

ಮರಿಬಸಪ್ಪ ಅಕ್ಕನ ಮುಖ ನೋಡಿದ. ಅಲ್ಲಿದ್ದವರಲ್ಲಿ ಅವನೊಬ್ಬನಿಗೆ ಮಾತ್ರ ಕಾರಣ ಗೊತ್ತಿತ್ತು.

*

ಚಿದಾನಂದಪ್ಪ ಸಾವಂತ್ರಮ್ಮನಿಗೆ ಗಂಡನಾಗುವ ಮೊದಲೇ ಸೋದರಮಾವ. ಹಡೆದವಳು ಸತ್ತು ತಬ್ಬಲಿಯಾದ ಅವನನ್ನು ಅಕ್ಕ ದೊಡ್ಡಬಸಮ್ಮ ಕಂಕುಳಲ್ಲಿ ಇಟ್ಟುಕೊಂಡು ಸಾಕಿದಳು. ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರು ತುಳಿದು ಸಾಲೆಗೆ ಹೊತ್ತೊಯ್ದಳು. ಕಡೆಗೆ ತಾನು ಹೆತ್ತ ಮಗಳನ್ನೇ ಅವನಿಗೆ ಕೊಟ್ಟಳು.

ಕಲೆಕ್ಟರ್ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತ ಅವನು ನಗುವುದನ್ನೇ ಮರೆತಿದ್ದ. ಮನೆಯಲ್ಲಿ ಮಕ್ಕಳಿಲ್ಲ, ಮಾತಿಲ್ಲ. ಪಿಂಚಣಿಯಾಯಿತು, ಅದೇ ವರ್ಷ ದೊರೆಗಳು ಹೊರಟರು, ಅವರಲ್ಲೊಬ್ಬನ ಕೆಟ್ಟು ನಿಂತ ಕಾರು ಇವನ ಅಂಗಳಕ್ಕೆ ಬಂತು. ಅದನ್ನು ಎತ್ತುಗಳು ಎಳೆದುಕೊಂಡು ಬಂದದ್ದನ್ನು ನೋಡಿ ಓಣಿಯೇ ನಕ್ಕಿತ್ತು. ಅಂದಿನಿಂದ ಅವನಿಗೆ ಹೊಸ ಹರೆಯ. ಬೆಳಗಾದರೆ ಬಾನೆಟ್ಟು ಎತ್ತಿ ತಲೆ ಒಳಗೆ ತೂರಿಸುವನು. ಮದರಾಸಿನಿಂದ ಬರುವ ಸಾಮಾನಿಗಾಗಿ ಅಂಚೆಯವನ ದಾರಿ ಕಾಯುವನು. ಸೀಮೆಎಣ್ಣೆಯಲ್ಲಿ ತೊಳೆದ ಬೋಲ್ಟುಗಳನ್ನು ಅವಳ ಊಟದ ಗಂಗಾಳದಲ್ಲಿ ಹರವಿ ಬಿಸಿಲಿಗಿಡುವನು.

ಎಂಜಿನ್ನು ಮೊದಲ ಸಲ ಗುರುಗುಟ್ಟಿದ ದಿನ ಅವನು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೋಟೆಯ ಸುತ್ತ ಓಡಿಸಿದ. ಸೆರಗು ಗಾಳಿಗೆ ಹಾರಿ ಅವನ ಮುಖಕ್ಕೆ ಬಡಿದರೆ ಗಟ್ಟಿಯಾಗಿ ನಕ್ಕ. ಸುಳ್ಳು ಯಾಕೆ, ಅವತ್ತು ಅವಳಿಗೂ ಖುಷಿಯಾಗಿತ್ತು. ಆದರೆ ಮನೆಗೆ ಬಂದವನು ಅವಳು ಕೊಟ್ಟ ನೀರು ಕುಡಿಯುವ ಮೊದಲು ಗಾಲಿ ಒರೆಸಲು ಕುಳಿತ. ಒಂದು ಹನಿ ಕೆಸರು ಸಿಡಿದರೂ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

*

ಹಿಂದೆ ಲಾರಿ, ಮುಂದೆ ಕಾರು. ಸಾವಂತ್ರಮ್ಮ ಹಂಪಯ್ಯನ ಪಕ್ಕದಲ್ಲಿ ಕುಳಿತಿದ್ದಳು. ಸಿರುಗುಪ್ಪದ ಪೇಟೆಯಲ್ಲಿ ಯಾರೋ ಸಾಹುಕಾರ ಬಂದನೆಂದು ಒಬ್ಬ ಕೈ ಮುಗಿದ. ಸಮೀಪ ಬಂದು ನೋಡಿ ಹೌಹಾರಿ ಹಿಂದೆ ಸರಿದ.

ಹಚ್ಚೊಳ್ಳಿಯ ಹೊಲಗಳ ಕಡೆ ತಿರುಗುವಲ್ಲಿ ಜಲ್ಲಿ ರಸ್ತೆ ಮುಗಿಯಿತು. ಮುಂದೆ ಕಪ್ಪಗೆ ಹೊಳೆಯುವ ಬಂಡಿ ಜಾಡು, ಅದರ ತುಂಬ ನೀರು. ಹಂಪಯ್ಯ ಬ್ರೇಕು ಹಾಕಿ ಕೈ ಜೋಡಿಸಿದ.

"ಇಲ್ಲೇ ಇಳಿಸೋಣ್ರಿ."

ಅವಳು ಆ ಜಾಡನ್ನು ನೋಡಿದಳು. ಜಾಗ ಇದೇ.

*

ಎರಡು ವರ್ಷದ ಹಿಂದೆ ಹಚ್ಚೊಳ್ಳಿಯ ಹೊಲದ ಮನೆಯಲ್ಲಿದ್ದ ದೊಡ್ಡಬಸಮ್ಮನಿಗೆ ಕಡೆಗಾಲ ಬಂತೆಂದು ಸುದ್ದಿ ಬಂದಾಗ ಚಿದಾನಂದಪ್ಪ ಅಂಗಿ ಗುಂಡಿಯನ್ನೂ ಹಾಕಿಕೊಳ್ಳದೆ ಕಾರು ತೆಗೆದಿದ್ದ. ಇಲ್ಲಿಯವರೆಗೆ ಹಾರಿಸಿಕೊಂಡೇ ಬಂದ. ಇಲ್ಲಿ ಬಂದು ನಿಂತ. ಇಳಿದು, ಕೋಲಿನಿಂದ ಕೆಸರು ಚುಚ್ಚಿ ನೋಡಿದ.

"ಕಾರು ಇಳಿಯಂಗಿಲ್ಲ ಸಾವಂತ್ರಿ."

"ಹಂಗಾರ ಇಲ್ಲೇ ಬಿಟ್ಟು ನಡಿ ಮಾವ, ನಡಕೊಂತ ಹೋಗಾಣು."

"ಬಿಟ್ಟು ಹೋದ್ರ ದನಾ ಕಾಯೋರು ಗೀಚಿಬಿಡ್ತಾರ. ಹಾರ್ನ್ ಕಿತ್ಕೊಂಡು ಹೋಗ್ತಾರ. ನೀ ಬಂಡ್ಯಾಗ ಹೋಗು. ಬಿಸಿಲು ಬೀಳಲಿ, ನೆಲಾ ಆರಲಿ, ನಾ ಬರ್ತೀನಿ."

ಅವಳು ಯಾರದೋ ಬಂಡಿ ಹತ್ತಿ ಹೋದಳು. ಅವ್ವನಿಗೆ ಇನ್ನೂ ಎಚ್ಚರವಿತ್ತು. "ತಮ್ಮ ಎಲ್ಲಿ?" ಎಂದು ಕೇಳಿದಳು. ನಿನ್ನ ತಮ್ಮ ಕಾರು ಕಾಯುತ್ತ ರಸ್ತೆಯಲ್ಲಿ ಕೂತಿದ್ದಾನೆ ಎಂದು ಸಾಯುವವಳಿಗೆ ಯಾವ ಬಾಯಿಂದ ಹೇಳುವುದು? ಅವ್ವ ಆಮೇಲೆ ಏನನ್ನೂ ಕೇಳಲಿಲ್ಲ. ಬಾಗಿಲ ಕಡೆ ಹೊರಳಿದವಳು ಹಾಗೆಯೇ ಹೋದಳು.

ಮರುದಿನ ಬಿಸಿಲು ಬಿತ್ತು, ನೆಲ ಆರಿತು. ಚಿದಾನಂದಪ್ಪ ಬಂದಾಗ ಗುಣಿ ಮುಚ್ಚಿಯಾಗಿತ್ತು. ತಡಮಾಡಿದ್ದು ಯಾಕೆಂದು ಮರಿಬಸಪ್ಪ ಕೇಳಿದರೆ, "ನೆಲಾ ಆರಿರಲಿಲ್ಲ" ಎಂದ. ಅಷ್ಟೇ. ಮುಂದಿನ ಭಾನುವಾರ ಕುರುಗೋಡಿಗೂ ಹೋದ.

ಸಾವಂತ್ರಮ್ಮ ಅವನಿಗೆ ಎರಡು ಹೊತ್ತು ರೊಟ್ಟಿ ಬಡಿದು ಹಾಕಿದಳು, ಕಾರು ಮಾತ್ರ ಹತ್ತಲಿಲ್ಲ. ಒಂದು ದಿನ ಎದುರಿಗೆ ಕೂರಿಸಿಕೊಂಡು ಬಾಯಿಗೆ ಬಂದಂತೆ ಬೈಯಬೇಕೆಂದಿದ್ದಳು. ಯಾವ ಮಾತಿನಿಂದ ಶುರು ಮಾಡಬೇಕೆಂಬುದನ್ನೂ ರೊಟ್ಟಿ ತಟ್ಟುವಾಗ ಸಾವಿರ ಸಲ ಹೇಳಿಕೊಂಡಿದ್ದಳು. ಅವನು ಅದಕ್ಕೂ ಅವಕಾಶ ಕೊಡದೆ ನಿದ್ದೆಯಲ್ಲೇ ಆರಾಮಾಗಿ ಸತ್ತ.

*

"ನಡಸ್ರಿ," ಎಂದಳು.

"ಕಾರು ಏನು ಮಾಡೈತಿ ತಾಯೀ? ಅದರ ಮ್ಯಾಲ ಯಾಕಿಷ್ಟು ಸಿಟ್ಟು?"

"ಕಾರಿನ ಮ್ಯಾಲ ಯಾರಿಗೈತಿ ಸಿಟ್ಟು?" ಅವಳು ಹಿಂದೆ ತಿರುಗಿ ಹೆಣದ ಕಡೆ ಬೆರಳು ಮಾಡಿದಳು. "ಇವನ ಮ್ಯಾಲ ಐತಿ. ನಡಸ್ರಿ."

ಹಂಪಯ್ಯ ಶಿವನ ಹೆಸರು ಹೇಳಿ ಕಾರು ಇಳಿಸಿದ. ಸ್ವಲ್ಪ ದೂರ ಅದು ಒಳ್ಳೆಯ ಮನಸ್ಸಿನಿಂದಲೇ ಹೋಯಿತು. ಆಮೇಲೆ ಹಿಂದಿನ ಗಾಲಿ ಜಾರಿತು, ಮುಂದಿನದು ಕುಸಿಯಿತು. ಲಾರಿಯವರೆಲ್ಲ ಧೋತರ ಎತ್ತಿ ಕಟ್ಟಿ ತಳ್ಳಿದರು. ಎಂಜಿನ್ನು ಅರಚಿದಷ್ಟೂ ಗಾಲಿ ಒಳಗಿಳಿಯಿತು. ಹಸಿರು ಬಣ್ಣ ಕೆಸರಿನಲ್ಲಿ ಕಾಣದಾಯಿತು. ಕಡೆಗೆ ಬಾಗಿಲ ಬುಡದ ಮೆಟ್ಟಿಲು ಹಲಗೆಯವರೆಗೆ ಹೂತು, ಎಂಜಿನ್ನು ಉಸಿರು ಬಿಟ್ಟಿತು. ಹಂಪಯ್ಯ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಮಗುವಿನ ಹಾಗೆ ಅತ್ತ. ಗೆಳೆಯ ಸತ್ತದ್ದಕ್ಕೆ ಬೆಳಿಗ್ಗೆಯಿಂದ ಅವನು ಅಷ್ಟು ಅತ್ತಿರಲಿಲ್ಲ.

"ಇನ್ನರ ಸಮಾಧಾನ ಆತೇನವ್ವ?" ಎಂದಳು ಲಾರಿಯಿಂದ ಇಳಿದು ಬಂದ ವಿರೂಪಮ್ಮ.

"ಇಲ್ಲ," ಎಂದಳು ಸಾವಂತ್ರಮ್ಮ. ನಿಜವಾಗಿಯೂ ಇರಲಿಲ್ಲ. ಕಾರು ಹೂತರೆ ಎದೆಯ ಬೆಂಕಿ ಆರೀತು ಎಂದುಕೊಂಡಿದ್ದಳು. ಅದು ಹಾಗೇ ಇತ್ತು.

ಹಗ್ಗ ಬಿಚ್ಚಿ, ಹಲಗೆಯ ಸಮೇತ ಹೆಣವನ್ನು ಎತ್ತಿದರು. ಮುಂದೆ ಮರಿಬಸಪ್ಪ. ಎರೆಮಣ್ಣು ಅಂಟಿ ಒಂದೊಂದು ಪಾದವೂ ಒಂದೊಂದು ಕೊಡದಷ್ಟು ಭಾರ. ಹೊಲದ ಬದುವಿಗೆ ಬಂದಾಗ ಅವನ ಕಾಲು ಜಾರಿತು. ಹಿಡಿದುಕೊಳ್ಳಿ ಎನ್ನುವಷ್ಟರಲ್ಲಿ ಹಲಗೆ ವಾಲಿ ಚಿದಾನಂದಪ್ಪ ಕೆಳಗಿಳಿದು, ಸೊಂಟದವರೆಗೆ ಕೆಸರಿನಲ್ಲಿ ಕೂತುಬಿಟ್ಟ.

"ಶಿವ ಶಿವ!" ಎಂದರು ಹೆಂಗಸರು.

ಎತ್ತಿಕೊಂಡು ಏದುಸಿರು ಬಿಡುತ್ತ ಗುಣಿಯ ಹತ್ತಿರ ತಂದರು. ಅದರ ಎದುರಿಗೇ ದೊಡ್ಡಬಸಮ್ಮನ ಗುಣಿ, ಮೇಲೆ ಹುಲ್ಲು ಹಬ್ಬಿತ್ತು. ಮಂತ್ರ ಹೇಳಲು ಬಂದಿದ್ದ ಅಯ್ಯನವರು ಹೆಣವನ್ನು ನೋಡಿ ಗಾಬರಿಯಾದರು.

"ಇದೇನ್ರಿ ಇದು? ಹಿಂಗ ಇಳಿಸಬಾರ್ದು. ನೀರು ತರ್ರಿ, ಮೊದ್ಲು ತೊಳೀರಿ."

ಮರಿಬಸಪ್ಪ ಓಡಿಹೋಗಿ ಬಾವಿಯಿಂದ ಕೊಡ ತುಂಬಿ ತಂದ. ಬಗ್ಗಿ ಸುರಿಯಬೇಕು, ಅಷ್ಟರಲ್ಲಿ ಸಾವಂತ್ರಮ್ಮ ಮುಂದೆ ಬಂದು ಕೊಡ ಕಿತ್ತುಕೊಂಡು ನೆಲಕ್ಕೆ ಬೋರಲು ಹಾಕಿದಳು.

"ತೊಳಿಬ್ಯಾಡ್ರಿ."

"ಹುಚ್ಚು ಹಿಡೀತೇನವ್ವ ನಿಂಗ?" ಎಂದರು ಅಯ್ಯನವರು.

"ಹುಚ್ಚಿ ಅನ್ರಿ, ಏನರ ಅನ್ರಿ. ಈ ಕೆಸರು ನಮ್ಮವ್ವ ನೋಡ್ಲಿ."

ಮರಿಬಸಪ್ಪನೇ ಮೊದಲು ಗುಣಿಗಿಳಿದು ಎರಡೂ ಕೈ ಮೇಲೆತ್ತಿದ. ಚಿದಾನಂದಪ್ಪನನ್ನು ಮೆಲ್ಲಗೆ ಇಳಿಸಿ, ಅವನ ಅಕ್ಕನ ಗುಣಿಗೆ ಮುಖ ಮಾಡಿ ಕೂರಿಸಿದರು. ಮಡಚಿದ ಕಾಲುಗಳ ಬೆರಳ ಸಂದಿಯಲ್ಲಿ ಕೆಸರು ಇನ್ನೂ ಹಸಿಯಾಗಿತ್ತು.