ಪುಟ್ಟಮಲ್ಲಮ್ಮನ ಬೀಜದ ಕಾಯಿ

ವರ್ಷದಲ್ಲಿ ಮೂರು ದಿನ ಪುಟ್ಟಮಲ್ಲಮ್ಮ ಬಗ್ಗುತ್ತಿರಲಿಲ್ಲ. ಕಸ ಗುಡಿಸುವುದು, ಹಾಲು ಕರೆಯುವುದು, ಒಲೆ ಊದುವುದು ಎಲ್ಲವನ್ನೂ ಸೊಸೆಗೆ ಬಿಟ್ಟು, ತಮ್ಮೂರು ಉಡಿಗಾಲದ ಬೀದಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು, ಒಂದು ಕೈಯನ್ನು ಸೊಂಟದ ಮೇಲಿಟ್ಟು ನಿಧಾನವಾಗಿ ನಡೆಯುವರು. ಸೊಂಟದಲ್ಲಿ, ಸೀರೆಯ ಮಡಿಕೆಯೊಳಗೆ, ಒದ್ದೆ ಬಟ್ಟೆ ಸುತ್ತಿದ ಕುಂಬಳದ ಬೀಜಗಳಿರುತ್ತಿದ್ದವು. ಮೈಯ ಕಾವಿಗೇ ಅವು ಮೊಳಕೆ ಒಡೆಯಬೇಕು.

ಅಂಗಡಿಯ ಗುರುಮಲ್ಲಯ್ಯ ಪ್ರತಿ ವರ್ಷವೂ ಕೇಳುತ್ತಿದ್ದ: "ಏನತ್ಗೆ, ಎಷ್ಟ್ ತಿಂಗ್ಳು?"

"ಮೂರೇ ದಿನ ಕಣ್ಲಾ. ನಿಮ್ಮವ್ವ ಒಂಬತ್ ತಿಂಗ್ಳು ಹೊತ್ತು ನಿನ್ನ ಹೆತ್ಲು, ಏನ್ ಬಂತು ಬುಡು!"

ಪತ್ರಿಕೆಗೆ ಬರೆಯುತ್ತಿದ್ದ ನಾನು ಅವರನ್ನು ಮೊದಲು ಕಂಡದ್ದು ತೊಂಬತ್ತನಾಲ್ಕರಲ್ಲಿ, ಚಾಮರಾಜನಗರದ ಫಲಪುಷ್ಪ ಪ್ರದರ್ಶನದಲ್ಲಿ. ಅವರ ಕುಂಬಳಕಾಯಿಯನ್ನು ಇಬ್ಬರು ಗಂಡಸರು ಗೋಣಿತಾಟಿನಲ್ಲಿ ತೂಗಿಕೊಂಡು ತಂದಿದ್ದರು. ಹಿಂದೆ ಗಂಡನ ಹಳೆಯ ಖಾಕಿ ಕೋಟಿನ ತೋಳು ಮಡಚಿಕೊಂಡು ಈಕೆ ನಿಂತಿದ್ದರು. ತೂಕ ಎಷ್ಟೆಂದು ಕೇಳಿದೆ. "ಅದಿರ್ಲಿ, ಮಣ್ಣ ಎಂಗ್ ಮಾಡ್ದೆ ಅಂತ ಕೇಳಿ ಸಾಮಿ" ಎಂದರು. ಯಾವ ಪ್ರಶ್ನೆಗೂ ಮೊದಲು ಬರುತ್ತಿದ್ದ ಉತ್ತರ ಆ "ಅದಿರ್ಲಿ."

ಮಣ್ಣು ಮಾಡುವುದನ್ನು ನೋಡಲೆಂದೇ ನಾನು ಆಮೇಲೆ ಉಡಿಗಾಲಕ್ಕೆ ಹೋಗತೊಡಗಿದೆ. ಯುಗಾದಿಗೆ ಮೊದಲೇ ಹಿತ್ತಿಲಲ್ಲಿ ಸೊಂಟದಾಳದ ಗುಣಿ ತೋಡಿಸಿ, ಕೆರೆಗೋಡು ಮಣ್ಣು, ಕುರಿಗೊಬ್ಬರ, ಹೊಂಗೆಸೊಪ್ಪು, ಒಲೆಬೂದಿ ಒಂದರ ಮೇಲೊಂದು ಹಾಕಿ ನೀರು ಕಟ್ಟುವರು. ಬಳಿಕ ದಿನವೂ ಮೊಣಕೈವರೆಗೆ ಕೈ ತೂರಿಸಿ, ಮಗುವಿನ ಜ್ವರ ನೋಡುವಂತೆ ನೋಡುವರು. ಗೊಬ್ಬರದ ಕಾವು ಇಳಿಯುವವರೆಗೆ ಬೀಜ ಕಾಯಿಯೊಳಗೇ ಇರಬೇಕು. ಅತ್ತೆ ಕೊಟ್ಟು ಹೋದ ತಳಿಯದು. ವರ್ಷಕ್ಕೆ ಒಂದೇ ಕಾಯಿಯನ್ನು ಬೀಜಕ್ಕೆಂದು ಅಟ್ಟದ ಮೇಲಿಡುವರು. ಬಿತ್ತಿ ಮಿಕ್ಕ ಬೀಜವನ್ನು ಹುರಿದು ತಿನ್ನುವುದು ಆ ಮನೆಯ ರೂಢಿ, ಆದ್ದರಿಂದ ಹಳೆಯ ಬೀಜವೆಂಬುದು ಇರುತ್ತಲೇ ಇರಲಿಲ್ಲ.

ನಮ್ಮ ಕಡೆ ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಕತ್ತಿ ಹಾಕುವುದಿಲ್ಲ. ಕಾಯಿ ಹಿರಿಯ ಮಗನ ಸಮ, ತಾಯಿಯೇ ಸೀಳಿದರೆ ಅವನ ಆಯುಸ್ಸಿಗೆ ಕೇಡು ಎಂಬ ನಂಬಿಕೆ. ಗಂಡ ತೀರಿದ ಮೇಲೆ ಆ ಮೊದಲ ಗೀರನ್ನು ಹಾಕಿಕೊಡುತ್ತಿದ್ದವನು ಒಬ್ಬನೇ ಮಗ ಸೋಮೇಶ್. ಅವನು ಚಾಮರಾಜನಗರದ ಒಂದು ಕಚೇರಿಯಲ್ಲಿ ನೌಕರ. ಮಗನಿರುವ ಮನೆಯ ಕಾಯಿಗೆ ಹೊರಗಿನವರು ಕತ್ತಿ ಇಡುವುದು ಮಗನಿಗೆ ಅವಮಾನವಾದ್ದರಿಂದ ಊರಿನಲ್ಲಿ ಬೇರೆ ಯಾರೂ ಮುಂದೆ ಬರುತ್ತಿರಲಿಲ್ಲ.

ತೊಂಬತ್ತಾರರ ಏಪ್ರಿಲ್‌ನ ಒಂದು ಬೆಳಗ್ಗೆ ನಾನು ಹೋದಾಗ ಗುಣಿಗಳ ಪಕ್ಕದಲ್ಲಿ ಇಟ್ಟಿಗೆ ಒಟ್ಟಿತ್ತು. ಸೋಮೇಶನಿಗೆ ಆ ಜಾಗದಲ್ಲಿ ಆರ್‌ಸಿಸಿ ರೂಮು ಬೇಕಾಗಿತ್ತು. ಅವ್ವ ಗುಣಿ ಮುಚ್ಚಲಿ ಎಂದು ವಾರದಿಂದ ಅವನು ಕತ್ತಿ ಮುಟ್ಟಿರಲಿಲ್ಲ.

"ಗುಣಿ ಮುಚ್ಚು ಕಣವ್ವ. ನಾಳಿಕೆ ಗಾರೆಯವ್ರು ಬತ್ತರೆ. ಕಾಯಿ ಸಂತೇಲಿ ಸಿಕ್ತದೆ."

"ಅದಿರ್ಲಿ. ಇನ್ನೂ ಬುಟ್ರೆ ಬೀಜ ಒಳ್ಗೇ ಮೊಳ್ತು ಕೊಳ್ತೋಯ್ತದೆ ಮಗ. ಒಂದ್ ಗೀರು ಆಕ್ಬುಡು."

"ನಾನ್ ಆಕಕಿಲ್ಲ. ಬೇಕಾದ್ರೆ ನೀನೇ ಕುಯ್ಕೊ" ಎಂದು ಸೋಮೇಶ್ ನಕ್ಕ. ತನ್ನ ಆಯುಸ್ಸನ್ನೇ ಒತ್ತೆಯಿಟ್ಟು ಗೆದ್ದವನ ನಗು ಅದು.

ಪುಟ್ಟಮಲ್ಲಮ್ಮ ಒಳಗೆ ಹೋಗಿ ಮಚ್ಚು ತಂದರು. ಸೆರಗು ಸಿಕ್ಕಿಸಿ, ಅಟ್ಟದಿಂದ ಇಳಿಸಿಟ್ಟಿದ್ದ ಕಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. "ಅತ್ತೆ, ಬ್ಯಾಡಿ!" ಎಂದು ಸೊಸೆ ಮಧುಶ್ರೀ ಚೀರಿದಳು. ಬೇಲಿಯಾಚೆ ನಿಂತಿದ್ದ ಗುರುಮಲ್ಲಯ್ಯ ಮುಖ ತಿರುಗಿಸಿದ. ನೋಡುವುದೇ ಕಸುಬಾದ ನಾನೂ ಕಣ್ಣು ಮುಚ್ಚಿದೆ. ಒಂದೇ ಏಟು. ಕಣ್ಣು ಬಿಟ್ಟಾಗ ಕಾಯಿ ಎರಡು ಹೋಳಾಗಿತ್ತು, ಸೋಮೇಶನ ಕೈ ಅವನ ಎದೆಯ ಮೇಲಿತ್ತು.

"ನೀನು ಇದ ನಂಬಿದ್ರೆ ನೀನೇ ಕುಯ್ಯಬೇಕಿತ್ತು. ನಂಬ್ದೆ ಇದ್ರೆ ನನ್ನ ಯಾಕ್ಲಾ ಎದ್ರುಸ್ದೆ?"

ಅವನು ಬೈಕು ಹತ್ತಿ ಕಚೇರಿಗೆ ಹೊರಟುಹೋದ. ಅರ್ಧಕ್ಕರ್ಧ ಬೀಜ ಒಳಗೇ ಬಿಳಿ ಬೇರು ಬಿಟ್ಟು ಹೆಣೆದುಕೊಂಡಿತ್ತು. ಗಟ್ಟಿಯಾದವನ್ನು ಅವರು ಒಂದೊಂದಾಗಿ ಆರಿಸಿದರು. ಮೂಢನಂಬಿಕೆಯನ್ನು ಕಡಿದೆಸೆದ ಹಳ್ಳಿಯ ಹೆಂಗಸು ಎಂದು ನನ್ನ ತಲೆಯಲ್ಲಿ ಆಗಲೇ ಲೇಖನ ಸಿದ್ಧವಾಗುತ್ತಿತ್ತು.

ಅರ್ಧ ಗಂಟೆ ಕಳೆದಿರಬೇಕು. ಸೊಸೆ ಒಳಗೆ ಹೋದದ್ದನ್ನು ನೋಡಿಕೊಂಡು ಅವರು ನನ್ನ ಹತ್ತಿರ ಬಂದರು. ತುಟಿ ಒಣಗಿತ್ತು.

"ಸಾಮಿ, ಗುರುಮಲ್ಲಯ್ಯನ ಅಂಗ್ಡೀಲಿ ಫೋನದೆ. ನನ್ ಮಗ ಆಫೀಸ್ಗೆ ಓಗಿ ಮುಟ್ಟವನಾ, ಒಸಿ ಕೇಳ್ತೀರಾ?"

ಅವರು ಮಚ್ಚು ತಂದದ್ದನ್ನು ಕಂಡಾಗಲೂ ನಾನು ಇಷ್ಟು ಬೆಚ್ಚಿರಲಿಲ್ಲ. ಈಕೆ ಆ ಮಾತನ್ನು ಪೂರ್ತಿಯಾಗಿ ನಂಬಿದ್ದರು, ನಂಬಿಕೊಂಡೇ ಕೊಯ್ದಿದ್ದರು. ನಾನು ಫೋನು ಮಾಡಿ, ಬಂದಿದ್ದಾನಂತೆ ಎಂದು ಹೇಳಿದೆ. ಅವರು ಇಟ್ಟಿಗೆಯ ಮೇಲೆ ಕುಸಿದು ಕೂತು, ಬಹಳ ಹೊತ್ತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು.

ಆ ಲೇಖನವನ್ನು ನಾನು ಬರೆಯಲಿಲ್ಲ. ನಂಬದವನು ಕಾಯಿ ಕೊಯ್ದರೆ ಕೊಯ್ಯುವುದು ಕಾಯಿಯನ್ನಷ್ಟೇ, ಅದಕ್ಕೆ ಚೂಪಾದ ಮಚ್ಚೊಂದಿದ್ದರೆ ಸಾಕು. ಭಯವನ್ನು ಇಡಿಯಾಗಿ ಮೈಯಲ್ಲಿಟ್ಟುಕೊಂಡೇ ಕೈಯೆತ್ತುವ ಜನ ಬೇರೆ. ಅವರಿಗೆ ಗೆದ್ದೆನೆಂಬ ಸಂತೋಷವಿಲ್ಲ, ತಪ್ಪಿಸಿಕೊಂಡೆನೆಂಬ ಸಮಾಧಾನವೂ ಪೂರ್ತಿ ಸಿಗುವುದಿಲ್ಲ. ಮಗ ಮನೆಗೆ ತಡವಾಗಿ ಬಂದ ಪ್ರತಿ ಸಂಜೆಯೂ ಅವರು ತಮ್ಮ ಕೈಯನ್ನು ತಾವೇ ನೋಡಿಕೊಳ್ಳುತ್ತಾರೆ.