ನಿಮ್ದೇ ಬುದ್ಧಿ

ಎರಡು ಸಲ ಸೀಗೆಕಾಯಿ ಹಾಕಿ ಉಜ್ಜಿದ್ದರೂ ತಲೆಯಿಂದ ಬೆಂದ ರೇಷ್ಮೆಹುಳದ ನಾತ ಹೋಗಿರಲಿಕ್ಕಿಲ್ಲ ಎಂಬುದೇ ಭಾನುಪ್ರಿಯಳ ಚಿಂತೆ. ಬಿ.ಎ. ಓದುವಾಗಲೂ ಇದೇ ಚಿಂತೆಯಲ್ಲಿ ಕಿಟಕಿ ಪಕ್ಕದ ಜಾಗ ಹಿಡಿದು ಕೂರುತ್ತಿದ್ದಳು. ಮನೆ ಎಲ್ಲಿ ಎಂದು ಗೆಳತಿಯರು ಕೇಳಿದರೆ, ಹೊಳೆಯ ಆಚೆ ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದಳು. ಇವತ್ತು, ಹೊಳೆದಡದ ಯೋಜನೆಗೆಂದು ಕರೆದಿದ್ದ ಸಭೆಯಲ್ಲಿ, ಸಭಾಭವನದ ಫ್ಯಾನು ಅವಳ ನೆತ್ತಿಯ ಮೇಲೇ ತಿರುಗುತ್ತಿತ್ತು.

"ಥೂ, ಈ ಮುಂಡೇವನ್ನ ಯಾರ್ರೀ ಕುರ್ಚಿ ಮೇಲೆ ಕೂರ್ಸಿದ್ದು?" ಮುಂದಿನ ಸಾಲಿನವನೊಬ್ಬ ಕರ್ಚೀಫು ತೆಗೆದು ಮೂಗಿಗೆ ಹಿಡಿದ.

ಅವಳ ಅವ್ವ ಚಿಕ್ಕಲಕ್ಷ್ಮಮ್ಮ ತಕ್ಷಣ ಎದ್ದು ನೆಲದ ಮೇಲೆ ಕುಳಿತಳು. ಪಕ್ಕದ ಮನೆಯ ಮಜೀದಾ ಏಳಲಿಲ್ಲ. "ನಿನ್ನೆಂಡ್ತಿ ರೇಷ್ಮೆ ಸೀರೆ ಉಟ್ಟಾಗ ಮೂಗ್ನ ಎಲ್ ಮಡಗಿರ್ತೀಯಪ್ಪ?"

ಇಬ್ಬರೂ ಅರ್ಕಾವತಿ ದಡದ ಸಾಲುಮನೆಯವರು. ಕುದಿವ ನೀರಿಗೆ ಬೆರಳಿಟ್ಟು ಗೂಡಿನಿಂದ ನೂಲು ತೆಗೆಯುವವರು.

ಇಂಜಿನಿಯರ್ ರುದ್ರಪ್ರಸಾದ್ ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಚಿತ್ರ ಬಿಟ್ಟರು. ಹೊಸ ಜಿಲ್ಲೆಗೆ ಹೊಸ ಊರು. ಹೊಳೆಯುದ್ದಕ್ಕೂ ಹಸಿರು, ಕಲ್ಲುಬೆಂಚು, ಬಿಳಿ ಬೂಟು ಹಾಕಿ ಓಡುತ್ತಿರುವ ಒಬ್ಬ ಹೆಂಗಸು. ಅವಳು ಓಡುತ್ತಿದ್ದುದು ತಮ್ಮ ಮನೆಯ ಒಲೆ ಇರುವ ಜಾಗದ ಮೇಲೆಯೇ ಎಂದು ಭಾನುಪ್ರಿಯಳಿಗೆ ತಿಳಿಯಿತು. ಹಿತ್ತಲ ಹುಣಸೆಮರವೊಂದನ್ನು ಮಾತ್ರ ಹಾಗೇ ಉಳಿಸಿದ್ದರು.

"ಮಳೆ ಜಾಸ್ತಿ ಆದ್ರೆ ಹೊಳೆಗೆ ಜಾಗ ಬೇಕು. ಬಿಡದಿ ಫ್ಯಾಕ್ಟರಿಗಳಿಗೆ ಬರೋರು ಇಲ್ಲೇ ಮನೆ ಮಾಡ್ತಾರೆ, ಅವರಿಗೆ ಒಳ್ಳೆ ಗಾಳಿ ಬೇಕು."

"ನಾವ್ ಎಲ್ಲಿಗ್ ಹೋಗದು?" ಎಂದಳು ಮಜೀದಾ.

"ಹಾರೋಹಳ್ಳಿ ಕಡೆ ಶೆಡ್ ಕೊಡ್ತೀವಿ."

"ಅಲ್ಲಿ ಗೂಡಿನ್ ಮಾರ್ಕೆಟ್ನ ನಿಮ್ಮಪ್ಪ ಕಟ್ಸವ್ನಾ?"

ಹಿಂದೆ ಯಾರೋ ಕಿಸಕ್ಕೆಂದರು. ರುದ್ರಪ್ರಸಾದರ ಮುಖ ಬಿಗಿಯಿತು. ನೆಲದ ಮೇಲೆ ಕುಳಿತಿದ್ದ ಚಿಕ್ಕಲಕ್ಷ್ಮಮ್ಮನತ್ತ ತಿರುಗಿದರು. "ಮನೆ ನಿಮ್ಮದಾಗಿದ್ರೆ ತಾನೆ ಈ ಮಾತು? ಹೋದ ವಾರ ನಾನೇ ಬಂದು ಕೇಳಿದೀನಿ. ಏನಮ್ಮ, ಯಾರ್ದು ಆ ಮನೆ? ಅವತ್ತು ಏನಂದೆ? ಎಲ್ರೆದುರಿಗೆ ಹೇಳು."

ಅವ್ವ ಎದ್ದು ಕೈ ಮುಗಿದಳು. ಬೆಂದು ಬಿಳುಚಿದ ಬೆರಳುಗಳು.

"ನಿಮ್ದೇ ಬುದ್ಧಿ."

"ಕೇಳಿದ್ರಲ್ಲ," ಎಂದರು ರುದ್ರಪ್ರಸಾದ್ ಸಭೆಗೆ.

ದೊಡ್ಡವರು ಬಾಗಿಲಿಗೆ ಬಂದು ಕೇಳಿದರೆ ನಮ್ಮದು ಎನ್ನಬಾರದು, ನಿಮ್ಮದೇ ಒಡೆಯಾ ಎನ್ನಬೇಕು. ಅಜ್ಜಿ ಅವ್ವನಿಗೂ, ಅವ್ವ ಮಗಳಿಗೂ ಕಲಿಸಿದ ಮರ್ಯಾದೆ ಅದು. ಹಸು ಯಾರದೆಂದು ಕೇಳಿದರೂ, ಕಂಕುಳಲ್ಲಿರುವ ಕೂಸು ಯಾರದೆಂದು ಕೇಳಿದರೂ ಅದೇ ಉತ್ತರ. ಅವತ್ತೂ ಹಾಗೇ ಹೇಳಿ ಅವ್ವ, ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಸೆರಗಿನಿಂದ ಒರೆಸಿ ಈ ಮನುಷ್ಯನಿಗೆ ಹಾಕಿದ್ದಳು.

ಸಭೆ ಗೊಳ್ಳೆಂದಿತು. ಯಾಕೆಂದು ಅವ್ವನಿಗೆ ತಿಳಿಯಲಿಲ್ಲ. ಏನೋ ಸರಿಯಾದದ್ದನ್ನೇ ಹೇಳಿದೆನೆಂದುಕೊಂಡು ತಾನೂ ಕೊಂಚ ನಕ್ಕು ಮತ್ತೆ ನೆಲದ ಮೇಲೆ ಕುಳಿತಳು.

"ಸೋಮವಾರ ಜೆಸಿಬಿ ಬರುತ್ತೆ. ಪಾತ್ರೆ ಪಗಡೆ ಎತ್ಕೊಂಡಿರಿ," ಎನ್ನುತ್ತ ರುದ್ರಪ್ರಸಾದ್ ಚಿತ್ರ ಆರಿಸಿದರು. ಗೋಡೆ ಬರೀ ಗೋಡೆಯಾಯಿತು.

ಅವ್ವನ ಮುಖದಲ್ಲಿ ಆ ನಗು ಇನ್ನೂ ಹಾಗೇ ಇತ್ತು, ತೆಗೆಯುವುದು ಹೇಗೆಂದು ಗೊತ್ತಿಲ್ಲದಂತೆ. ಅದನ್ನು ನೋಡಲಾಗದೆ ಭಾನುಪ್ರಿಯ ಎದ್ದು ನಿಂತಳು. ಫ್ಯಾನಿನ ಗಾಳಿಗೆ ಕೂದಲು ಹಾರಿತು. ಮುಂದಿನ ಸಾಲಿನ ಕರ್ಚೀಫು ಮತ್ತೆ ಮೇಲೆದ್ದಿತು.

ಅವ್ವ ಕೆಳಗಿನಿಂದ ದುಪಟ್ಟಾ ಜಗ್ಗಿದಳು. "ಕೂತ್ಕೊ ಮಗ. ದೊಡ್ಡೋರು ಅವ್ರು."

ಆ ಕೈಯನ್ನು ಹಾಗೇ ಹಿಡಿದುಕೊಂಡು ಅವಳು ಹೇಳಿದಳು:

"ಆ ಮನೆ ನಿಮ್ದಲ್ಲ. ನಮ್ಮವ್ವಂದು."