ಏಳನೆಯ ಹಂತ

ಏಳನೆಯ ಹಂತಕ್ಕೆ ಬಂದಾಗ ಪರದೆ ಕೆಂಪಾಯಿತು. ಬೇಕಾದ ಫೈಲು ಸಿಗುತ್ತಿಲ್ಲ ಎಂದು ಯಂತ್ರ ಹೇಳುತ್ತಿತ್ತು. ಉಷಾ ಕನ್ನಡಕ ಸರಿಪಡಿಸಿಕೊಂಡು ಇನ್ನೊಮ್ಮೆ ಓದಿದಳು. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಊದಿಕೊಂಡಿದ್ದರಿಂದ ನೋಯ್ಡಾದ ಅವಳ ಆಫೀಸಿನವರು ಆ ಗುರುವಾರ ಬೆಳಿಗ್ಗೆ ಹೊಸದು ಕೊಟ್ಟಿದ್ದರು. ಅದಕ್ಕೆ ಪೈಥಾನ್ ತಂತ್ರಾಂಶ ಹಾಕಿ, ಪ್ರಾಜೆಕ್ಟಿಗೆ ಬೇಕಾದ್ದನ್ನೆಲ್ಲ ಕೂಡಿಸಲು ಹದಿಮೂರು ಹಂತಗಳ ಒಂದು ಪಟ್ಟಿ ಇತ್ತು. ನಾಲ್ಕು ವರ್ಷದ ಹಿಂದೆ ಅದನ್ನು ಬರೆದವಳು ಅವಳೇ.

ಮೂರನೆಯ ಸಲ ಓದಿದಾಗ ಕಂಡಿತು. ಪಟ್ಟಿ ಹುಡುಕಲು ಹೇಳುತ್ತಿದ್ದದ್ದು ಅವಳ ಹಳೆಯ ಲ್ಯಾಪ್‌ಟಾಪಿನಲ್ಲಿ, ಅವಳ ಹೆಸರಿನ ಫೋಲ್ಡರಿನೊಳಗಿದ್ದ ಒಂದು ಫೈಲನ್ನು. ಬೇರೆ ಯಾವ ಯಂತ್ರದಲ್ಲೂ ಅದು ಇರಲು ಸಾಧ್ಯವಿರಲಿಲ್ಲ. ಉಷಾಳ ಕಿವಿಗಳು ಬಿಸಿಯಾದವು. ಮೂರು ಸಾಲು ಆಚೆ ಕೂತಿದ್ದ ಗಾನವಿಯ ಕಡೆಗೆ ಕಣ್ಣು ಹೋಗಿ, ಹಾಗೇ ಹಿಂದಕ್ಕೆ ಬಂತು.

ಅರಸೀಕೆರೆಯ ಹುಡುಗಿ ಗಾನವಿ ಸೋಮವಾರ ಸೇರಿದ್ದಳು. ಮೊದಲ ಕೆಲಸ; ಲಕ್ಷ್ಮೀ ನಗರದ ಪಿಜಿಯಲ್ಲಿ ವಾಸ. ಉಷಾ ಕನ್ನಡದವಳೆಂದು ತಿಳಿದಾಗ ಅವಳ ಮುಖ ಅರಳಿದ್ದು ಉಷಾಳಿಗೆ ಕಂಡಿತ್ತು. ಕಂಡದ್ದರಿಂದಲೇ ಉಷಾ ದೂರ ಉಳಿದಳು. ಹೊಸಬರ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಅರ್ಧ ದಿನದಲ್ಲಿ ಎಲ್ಲ ಸಿದ್ಧಮಾಡಿ ಕೊಡುವುದು ಅವಳ ಪದ್ಧತಿ. ಕಳೆದ ಸಲ ಸೇರಿದ ನಿಹಾಲನಿಗೆ ಮಾಡಿದ್ದಳು, ಅವನಿಗಿಂತ ಮೊದಲು ಬಂದ ಆರು ಮಂದಿಗೂ ಮಾಡಿದ್ದಳು. ಏಳನೆಯ ಹಂತದಲ್ಲಿ ತನ್ನ ಪೆನ್ ಡ್ರೈವಿನಿಂದ ಆ ಫೈಲು ಹಾಕಿ, ಒಂದು ಸಾಲು ತಿದ್ದಿ ಮುಂದೆ ಹೋಗುತ್ತಿದ್ದಳು. ಅದು ಕೈಗೆ ಎಷ್ಟು ರೂಢಿಯಾಗಿತ್ತೆಂದರೆ ಪಟ್ಟಿಯಲ್ಲಿ ಬರೆದಿಲ್ಲವೆಂಬುದೇ ಮರೆತುಹೋಗಿತ್ತು. ಗಾನವಿಯ ಪಕ್ಕ ಕೂತರೆ ತನ್ನ ಕಡೆಯವಳೆಂದು ಹಚ್ಚಿಕೊಂಡಳು ಎಂದು ಉಳಿದವರು ಅಂದಾರು ಎನಿಸಿ, ಪಟ್ಟಿ ಓದಿ ಮಾಡಿಕೋ ಎಂದು ಹಿಂದಿಯಲ್ಲಿ ಹೇಳಿ ತನ್ನ ಜಾಗಕ್ಕೆ ಹೋಗಿದ್ದಳು.

ಬುಧವಾರವೂ ಕೆಲಸ ಆಗಿರಲಿಲ್ಲ. ಚಹಾ ಯಂತ್ರದ ಹತ್ತಿರ ಮ್ಯಾನೇಜರ್ ಸಾಕೇತ್ ವಿಚಾರಿಸಿದಾಗ, ಹುಡುಗಿಗೆ ಬುಡವೇ ಗಟ್ಟಿಯಿಲ್ಲ, ಇಲ್ಲಿ ಏಗಲಾರಳು ಎಂದಳು ಉಷಾ. ತನ್ನವಳೆಂದು ನೋಡದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆನೆಂದು ಒಳಗೊಳಗೇ ಹಿತವೆನಿಸಿತ್ತು. ಸಂಜೆಯೊಳಗೆ ಗಾನವಿಯನ್ನು ದೂರದ ಮಾನೇಸರಿನ ಒಂದು ಕಾರ್ಖಾನೆಗೆ, ಬಿಡಿಭಾಗಗಳ ವಿವರ ತುಂಬುವ ಕೆಲಸಕ್ಕೆ ಹಾಕಿಯಾಗಿತ್ತು.

ಈಗ ಉಷಾ ಎದ್ದು ಸಾಕೇತನ ಕೋಣೆಗೆ ಹೋಗಿ, ತಪ್ಪು ತನ್ನದು, ಹುಡುಗಿಯನ್ನು ಕಳಿಸಬೇಡಿ ಎಂದಳು. ಅವನು ನಕ್ಕು, "ಅರೇ ಉಷಾಜೀ, ಛೋಡಿಯೇ," ಎಂದು ಬಿಟ್ಟುಬಿಡಿ ಎನ್ನುವಂತೆ ಕೈಯಾಡಿಸಿದ. ಮಾನೇಸರಿಗೆ ಹೆಸರು ಹೋಗಿಯಾಗಿದೆ, ಪಟ್ಟಿ ತಿದ್ದಿಬಿಡಿ ಸಾಕು ಎಂದ. ಅವಳು ಇನ್ನೊಮ್ಮೆ ಕೇಳಿದಳು. ನಿಮ್ಮ ಮಾತಿನ ಮೇಲೇ ಅಲ್ಲವೇ ಮಾಡಿದ್ದು ಎಂದು ಅವನು ಫೋನ್ ಎತ್ತಿಕೊಂಡ.

ಗಾನವಿ ಮೇಜಿನ ಖಾನೆ ಖಾಲಿ ಮಾಡುತ್ತಿದ್ದಳು.

"ಆ ಏಳನೇ ಸ್ಟೆಪ್ಪಲ್ಲಿ ತಪ್ಪು ನಂದಮ್ಮ," ಎಂದಳು ಉಷಾ, ಕನ್ನಡದಲ್ಲಿ.

"ಗೊತ್ತು ಮೇಡಂ. ಮಂಗಳವಾರಾನೇ ನೋಡ್ದೆ. ನಿಮ್ಮ ಹೆಸರಿತ್ತು."

"ಹೇಳಬಾರದಿತ್ತಾ?"

"ಹನ್ನೊಂದು ವರ್ಷದಿಂದ ಇದ್ದೀರಂತೆ. ನೀವು ಬರ್ದಿದ್ದು ತಪ್ಪಿರುತ್ತಾ, ನಂಗೇ ಅರ್ಥ ಆಗ್ತಿಲ್ಲ ಅಂದ್ಕೊಂಡೆ." ಹುಡುಗಿ ಖಾನೆ ಮುಚ್ಚಿದಳು. "ನಿನ್ನೆ ಕೇಳೋಣ ಅಂತ ಟೀ ಹತ್ರ ಬಂದಿದ್ದೆ. ನೀವು ಸರ್ ಜೊತೆ ಮಾತಾಡ್ತಿದ್ರಿ. ನಂಗೆ ಹಿಂದಿ ಬರುತ್ತೆ ಮೇಡಂ."

ಉಷಾ ಅವಳ ಲ್ಯಾಪ್‌ಟಾಪನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಐದು ನಿಮಿಷ ಕೊಡು, ಈಗಲೇ ನಡೆಯುವ ಹಾಗೆ ಮಾಡಿಕೊಡುತ್ತೇನೆ ಎಂದಳು. ತನ್ನ ದನಿ ತನಗೇ ಅಸಹ್ಯವೆನಿಸಿತು.

"ಬೇಡ ಮೇಡಂ. ಮೂರು ಗಂಟೆಗೆ ಇದನ್ನ ವಾಪಸ್ ಕೊಡ್ಬೇಕು."

ಗಾನವಿ ಲ್ಯಾಪ್‌ಟಾಪನ್ನು ಮುಚ್ಚಿದಳು. ಮುಚ್ಚಳದ ಮೇಲೆ ಅವಳ ಹೆಸರಿನ ಬಿಳಿ ಚೀಟಿ ಅಂಟಿಸಿತ್ತು. ಉಗುರಿನಿಂದ ಅದರ ಮೂಲೆ ಎಬ್ಬಿಸಿ ಕೀಳತೊಡಗಿದಳು. ಇಡಿಯಾಗಿ ಬರಲಿಲ್ಲ, ಎಳೆ ಎಳೆಯಾಗಿ ಬಂತು. ಅವಳು ಒಂದೊಂದೇ ಎಳೆಯನ್ನು ಉಂಡೆ ಮಾಡಿ ಅಂಗೈಯಲ್ಲಿಟ್ಟುಕೊಳ್ಳುತ್ತ ಹೋದಳು.